ಮಹಮೂದ್ ಗವಾನ್: ನೊಂದ ಜೀವ ಕಟ್ಟಿದ ವಿದ್ಯಾಲಯ

ಭಾಲ್ಕಿ, ಔರಾದಗಳಿಂದ ಬೀದರಕ್ಕೆ ಬರುವ ನಾವೆಲ್ಲರೂ ಮಹಮೂದ್ ಗವಾನನ ಮದರಸಾದ ಎತ್ತರದ ಮಿನಾರನ್ನು ಕಂಡವರೇ. ಅದನ್ನು ಕಟ್ಟಿಸಿದಾತನು ನೊಂದು ತಾಯ್ನಾಡನ್ನು ತೊರೆದವನು. ಪರ್ಷಿಯಾದ ಗಿಲಾನಿನ ಉನ್ನತ ಮನೆತನದಲ್ಲಿ ಜನಿಸಿದ ಆತನು, ಆಸ್ಥಾನದ ಹಗೆತನದಿಂದ ಊರು ಬಿಟ್ಟು, ವರ್ತಕನಾಗಿ ಅಲೆದು, 1453ರಲ್ಲಿ ದಾಭೋಳ ಬಂದರಿನಲ್ಲಿಳಿದು ಬೀದರಕ್ಕೆ ಬಂದನು. ಕಳೆದುಕೊಂಡುದಕ್ಕಾಗಿ ಕೊರಗುತ್ತ ಕೂರದೆ ದುಡಿದು, ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದನು. 1472ರಲ್ಲಿ ಮದರಸಾ ಕಟ್ಟಿಸಿ, ವಿದ್ಯಾರ್ಥಿಗಳಿಗೆ ಅನ್ನ, ವಸತಿ, ಗ್ರಂಥಗಳನ್ನೊದಗಿಸಿದನು. ತಾನು ಮಾತ್ರ ಚಾಪೆಯ ಮೇಲೆ ಮಲಗುತ್ತಿದ್ದನೆಂದು ಚರಿತ್ರಕಾರ ಫಿರಿಸ್ತಾ ಬರೆದಿದ್ದಾನೆ. ಹಗೆಗಳು ಹೆಣೆದ ಸುಳ್ಳುಪತ್ರವನ್ನು ನಂಬಿದ ಸುಲ್ತಾನನು 1481ರಲ್ಲಿ ಅವನನ್ನು ಕೊಲ್ಲಿಸಿದನು. 1696ರ ಸ್ಫೋಟದಲ್ಲಿ ಭಾಗಶಃ ಕುಸಿದ ಮದರಸಾ ಇಂದಿಗೂ ನಿಂತಿದೆ. ನೆಲೆ ಕಳೆದುಕೊಂಡವನು ಪರರಿಗೆ ನೆಲೆಯಾದ ಈ ಬಾಳು, ನೊಂದ ನಮಗೆ ದಾರಿದೀಪವಾಗಲಿ.