ಬೆಟ್ಟ, ಬಂಡೆಗಳ ಲೆಕ್ಕ ಬರೆದಿಟ್ಟ ರೈಸ್ ಸಾಹೇಬರು



ನಮ್ಮ ಸೀಮೆಯಲ್ಲಿ ಬೆಟ್ಟಕ್ಕೆ ಬರ ಇಲ್ಲ. ಅರಸೀಕೆರೆ ಪಕ್ಕದಲ್ಲಿ ಮಾಲೇಕಲ್ಲು ತಿರುಪತಿ ಇದೆ. ಯಾದಾಪುರದ ಹತ್ತಿರ ಜೇನುಕಲ್ಲು ಸಿದ್ಧೇಶ್ವರನ ಬೆಟ್ಟ ಇದೆ. ಹಳೇಬೀಡಿನ ಹತ್ತಿರ ಪುಷ್ಪಗಿರಿ ಇದೆ. ಬೇಲೂರಿನಿಂದ ಚಿಕ್ಕಮಗಳೂರು ದಾಟಿದರೆ ಮುಳ್ಳಯ್ಯನಗಿರಿಯೇ ಸಿಗುತ್ತದೆ. ಜಾತ್ರೆಗೋ ಹರಕೆಗೋ ನಾವು ಇವುಗಳನ್ನು ಹತ್ತಿ ಇಳಿದಿರುತ್ತೇವೆ. ಆದರೆ ನಾಡಿನ ಬೆಟ್ಟಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು, ಎತ್ತರ ಎಷ್ಟು ಅಂತ ಒಂದೇ ಕಡೆ ಬರೆದಿಟ್ಟವರು ಯಾರು ಗೊತ್ತೇ? ಬಿ.ಎಲ್. ರೈಸ್. ಶಾಸನಗಳ ಹೆಸರು ಬಂದಾಗ ಇವರ ಹೆಸರು ಕೇಳಿರುತ್ತೀರಿ. ಈ ಸಲದ ಮಹನೀಯರ ಪರಿಚಯದಲ್ಲಿ ಅವರ ಬದುಕನ್ನು ತಿಳಿಯೋಣ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಅವರಿಗೂ ಕನ್ನಡ ಚೆನ್ನಾಗಿ ಬರುತ್ತಿತ್ತು. ಮಗ ಇಂಗ್ಲೆಂಡಿಗೆ ಹೋಗಿ ಓದಿ, 1860ರಲ್ಲಿ ಬೆಂಗಳೂರಿಗೆ ವಾಪಸ್ ಬಂದು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜು ಆಯಿತು. ಅಂದರೆ ರೈಸ್ ಮೊದಲು ನಮ್ಮ ಹಾಗೇ ಶಾಲೆಯವರು, ಮೇಷ್ಟ್ರು!

1865ರಲ್ಲಿ ಅವರು ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಆಗ ಅರಸೀಕೆರೆಗೆ ರೈಲು ಬಂದಿರಲಿಲ್ಲ. ತಪಾಸಣೆ ಅಂದರೆ ಊರಿಂದ ಊರಿಗೆ ದಿನಗಟ್ಟಲೆ ಪ್ರಯಾಣ. 1868ರಲ್ಲಿ ಹೋಬಳಿಗೊಂದು ಶಾಲೆ ಬೇಕು ಅನ್ನುವ ಯೋಜನೆ ಬಂತು. ಅದರ ಹಿಂದೆ ರೈಸ್ ಇದ್ದರು. ಹಳ್ಳಿ ಮಕ್ಕಳು ಕನ್ನಡದಲ್ಲಿ ಓದೋದಕ್ಕೆ ಸರ್ಕಾರಿ ಶಾಲೆ ಹತ್ತಿರ ಬಂದದ್ದು ಹಾಗೆ.

ಹೀಗೆ ತಿರುಗುವಾಗ ಅವರ ಕಣ್ಣಿಗೆ ಎರಡು ಸಂಗತಿ ಬಿದ್ದವು. ಒಂದು, ಎಲ್ಲಿ ನೋಡಿದರೂ ಬೆಟ್ಟ, ದುರ್ಗ. ಇನ್ನೊಂದು, ಬೆಟ್ಟದ ಬಂಡೆ ಮೇಲೆ, ಗುಡಿ ಮುಂದೆ, ಕೆರೆ ಏರಿ ಮೇಲೆ ಅಕ್ಷರ ಕೆತ್ತಿದ ಕಲ್ಲುಗಳು. ಎರಡನ್ನೂ ಊರಿನವರು ಬಲ್ಲರು. ಆದರೆ ಒಂದು ಊರಿನವರಿಗೆ ಗೊತ್ತಿದ್ದದ್ದು ಇನ್ನೊಂದು ಊರಿಗೆ ಗೊತ್ತಿರಲಿಲ್ಲ. ಕಾರಣ, ಯಾವುದಕ್ಕೂ ಪಟ್ಟಿ ಇರಲಿಲ್ಲ.

ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆಯುವ ಕೆಲಸ ಅವರಿಗೆ ಬಂತು. 1876ರಿಂದ 1878ರೊಳಗೆ ಅದು 3 ಸಂಪುಟಗಳಾಗಿ ಅಚ್ಚಾಯಿತು. 1897ರಲ್ಲಿ ತಿದ್ದಿ ಮತ್ತೆ ತಂದರು. ಅದರಲ್ಲಿ ನಾಡನ್ನು ಮಲೆನಾಡು, ಮೈದಾನ ಅಂತ ವಿಂಗಡಿಸಿದ್ದಾರೆ. ಬೆಟ್ಟಗಳ ಸಾಲು ಯಾವ ದಿಕ್ಕಿಗೆ ಹೋಗುತ್ತದೆ, ಒಂಟಿಯಾಗಿ ನಿಂತ ಕಲ್ಲುಬೆಟ್ಟಗಳು ಎಲ್ಲಿವೆ ಅಂತ ಹೇಳಿದ್ದಾರೆ. ಎತ್ತರದ ಶಿಖರಗಳನ್ನು ಅಡಿ ಲೆಕ್ಕದಲ್ಲಿ ಸಾಲಾಗಿ ಕೊಟ್ಟಿದ್ದಾರೆ. ನೋಡಿ:

ಮುಳ್ಳಯ್ಯನಗಿರಿ – 6,317 ಅಡಿ
ಕುದುರೆಮುಖ – 6,215 ಅಡಿ
ಬಾಬಾಬುಡನ್‌ಗಿರಿ – 6,214 ಅಡಿ
ಕಲ್ಲತ್ತಿಗಿರಿ – 6,155 ಅಡಿ
ಪುಷ್ಪಗಿರಿ – 5,626 ಅಡಿ
ಮೇರ್ತಿಗುಡ್ಡ – 5,451 ಅಡಿ

ಎರಡನೆಯದಕ್ಕೂ ಮೂರನೆಯದಕ್ಕೂ ಬರೀ ಒಂದು ಅಡಿ ವ್ಯತ್ಯಾಸ! ಈ ಎತ್ತರಗಳನ್ನು ಅಳೆದವರು ಸರ್ವೆಯವರು. ಅವೆಲ್ಲವನ್ನೂ ಒಟ್ಟುಗೂಡಿಸಿ, ಜನ ಓದುವ ಹಾಗೆ ಜೋಡಿಸಿದ್ದು ರೈಸ್ ಕೆಲಸ.

ಪಟ್ಟಿಯ ಪುಷ್ಪಗಿರಿ ನೋಡಿ ನಮ್ಮ ಹಳೇಬೀಡಿನ ಪುಷ್ಪಗಿರಿ ಅಂದುಕೊಳ್ಳಬೇಡಿ. ಅದು ಸುಬ್ರಹ್ಮಣ್ಯದ ಕಡೆ, ಕೊಡಗಿನ ಗಡಿಯ ಬೆಟ್ಟ. ಜೇನುಕಲ್ಲು ಕೂಡ ಹಾಗೇ. ನಮ್ಮಲ್ಲೊಂದು, ಸಕಲೇಶಪುರದ ಕಡೆ ಇನ್ನೊಂದು. ಅದಕ್ಕೇ ಬರೀ ಹೆಸರು ಬರೆದರೆ ಸಾಲದು, ಪಕ್ಕದಲ್ಲಿ ತಾಲ್ಲೂಕೂ ಬರೀಬೇಕು.

ಬೆಟ್ಟದ ಪಟ್ಟಿ ಬೇರೆ ದೇಶಗಳಲ್ಲೂ ಉಂಟು. ಸ್ಕಾಟ್ಲೆಂಡಿನಲ್ಲಿ ಹ್ಯೂ ಮನ್ರೋ ಅನ್ನುವವರು 1891ರಲ್ಲಿ 3,000 ಅಡಿಗಿಂತ ಎತ್ತರದ ಬೆಟ್ಟಗಳನ್ನು ಲೆಕ್ಕ ಹಾಕಿ 283 ಅಂದರು. ಇವತ್ತಿಗೂ ಅಲ್ಲಿಯ ಜನ ಆ ಪಟ್ಟಿ ಇಟ್ಟುಕೊಂಡು ಒಂದೊಂದೇ ಹತ್ತಿ ಗುರುತು ಹಾಕ್ಕೋತಾರೆ. ನಮ್ಮಲ್ಲಿ ಆ ಲೆಕ್ಕ ನಡೆಯೋದಿಲ್ಲ. ಬೇಲೂರು ಪೇಟೆಯೇ ಸಮುದ್ರ ಮಟ್ಟದಿಂದ 3,000 ಅಡಿಗಿಂತ ಮೇಲಿದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಬೆಟ್ಟ ಹತ್ತಿದ ಹಾಗೆ! ಆದ್ದರಿಂದ ನಮಗೆ ಎರಡು ಎತ್ತರ ಬೇಕು. ಶ್ರವಣಬೆಳಗೊಳದ ದೊಡ್ಡಬೆಟ್ಟ ಸಮುದ್ರ ಮಟ್ಟದಿಂದ 3,347 ಅಡಿ. ಆದರೆ ಬುಡದಿಂದ ನಮ್ಮ ಕಾಲು ಹತ್ತಬೇಕಾದ್ದು ಸುಮಾರು 470 ಅಡಿ ಮಾತ್ರ.

ಇನ್ನು ಕಲ್ಲುಗಳ ವಿಷಯ. ಶ್ರವಣಬೆಳಗೊಳದ ಬೆಟ್ಟಗಳ ಮೇಲಿನ ಶಾಸನಗಳನ್ನು ರೈಸ್ 1889ರಲ್ಲಿ ಪುಸ್ತಕವಾಗಿ ತಂದರು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಅಶೋಕನ ಮಾತು ಮೈಸೂರು ಸೀಮೆಯವರೆಗೂ ಬಂದಿತ್ತು ಅಂತ ಗೊತ್ತಾದದ್ದು ಆಗಲೇ. ಆ ಬಂಡೆಗಳು ಎರಡು ಸಾವಿರ ವರ್ಷದಿಂದ ಅಲ್ಲೇ ಇದ್ದವು!

ಅವರ ಅತಿ ದೊಡ್ಡ ಕೆಲಸ 'ಎಪಿಗ್ರಾಫಿಯಾ ಕರ್ನಾಟಿಕಾ'. 1886ರಿಂದ ಶುರುವಾಗಿ 12 ಸಂಪುಟ, ಸುಮಾರು 9 ಸಾವಿರ ಶಾಸನ. ನಮ್ಮ ಹಾಸನ ಜಿಲ್ಲೆಯದು 5ನೇ ಸಂಪುಟ, 1902ರಲ್ಲಿ ಬಂತು. ಅಲ್ಲೂ ಅದೇ ಶಿಸ್ತು. ಬೇಲೂರು ತಾಲ್ಲೂಕು, ಅರಸೀಕೆರೆ ತಾಲ್ಲೂಕು ಅಂತ ವಿಂಗಡಣೆ, ಕಲ್ಲಿಗೊಂದು ನಂಬರು, ಯಾವ ಊರು, ಊರಲ್ಲಿ ಎಲ್ಲಿ ಅನ್ನುವ ವಿವರ. ಹಳೇಬೀಡಿನ ಶಾಸನಗಳನ್ನು ಬೇಲೂರು ತಾಲ್ಲೂಕಿನಲ್ಲಿ ಹುಡುಕಬೇಕು. ಇಷ್ಟೆಲ್ಲ ಒಬ್ಬರ ಕೈಯಿಂದ ಆಗುವ ಕೆಲಸ ಅಲ್ಲ. ಹಳಗನ್ನಡ, ಸಂಸ್ಕೃತ ಬಲ್ಲ ಪಂಡಿತರು ಅವರ ಜೊತೆಗಿದ್ದರು. ಕಲ್ಲು ತೋರಿಸಿದವರು ಊರಿನವರೇ.

1906ರಲ್ಲಿ ರೈಸ್ ನಿವೃತ್ತರಾದರು. ಅವರ ಜಾಗಕ್ಕೆ ಆರ್. ನರಸಿಂಹಾಚಾರ್ಯರು ಬಂದರು. ರೈಸ್ ಇಂಗ್ಲೆಂಡಿಗೆ ಹೋದ ಮೇಲೂ ಸುಮ್ಮನೆ ಕೂರಲಿಲ್ಲ. ಶಾಸನಗಳ ಆಧಾರದ ಮೇಲೆ ಮೈಸೂರು, ಕೊಡಗಿನ ಇತಿಹಾಸ ಬರೆದು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಹ್ಯಾರೋ ಎಂಬಲ್ಲಿ ತೀರಿಕೊಂಡರು. 90 ತುಂಬಲು ಒಂದೇ ವಾರ ಬಾಕಿ ಇತ್ತು.

ಅವರ ಪಟ್ಟಿ ಪೂರ್ತಿ ಆಗಿತ್ತೇ? ಇಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ ನಮ್ಮ ಬೇಲೂರು ತಾಲ್ಲೂಕಿನದೇ. ಅದು ರೈಸ್ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು 1936ರಲ್ಲಿ ಬೆಳಕಿಗೆ ತಂದವರು ಡಾ. ಎಂ.ಎಚ್. ಕೃಷ್ಣ. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ರೈಸರ ಸಂಪುಟಗಳನ್ನು ಪರಿಷ್ಕರಿಸಿ, ಹೊಸ ಶಾಸನಗಳನ್ನೂ ಸೇರಿಸಿ ಪ್ರಕಟಿಸುತ್ತಾ ಬಂದಿದೆ.

ಇನ್ನೊಂದು ಮಾತು. ರೈಸ್ ಕಾಲದಲ್ಲಿ ಓದಿದ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಕೆಲವು ಪಾಯಕ್ಕೆ ಹೋದವು, ಕೆಲವು ಒಗೆಯೋ ಕಲ್ಲಾದವು. ಬೆಟ್ಟಗಳೂ ಅಷ್ಟೇ, ಜಲ್ಲಿಗಾಗಿ ಒಡೆದು ಕರಗುತ್ತಿವೆ. ಕಲ್ಲು ಹೋದರೂ ಅದರಲ್ಲಿ ಏನಿತ್ತು ಅಂತ ತಿಳಿಯುವುದು ಅವರು ಬರೆದಿಟ್ಟಿದ್ದರಿಂದ. ಬರೆಯದೇ ಬಿಟ್ಟ ಗುಡ್ಡ ಹೋದರೆ ಅದರ ಹೆಸರೂ ಹೋಗುತ್ತದೆ.

ಆದ್ದರಿಂದ ಎಲ್ಲರಿಗೂ ಒಂದು ಕೆಲಸ. ನಿಮ್ಮ ಊರಿನ ಗುಡ್ಡದ ಹೆಸರು, ಆ ಹೆಸರು ಬಂದ ಕಾರಣ, ಹತ್ತುವ ದಾರಿ, ಹತ್ತಲು ಹಿಡಿಯುವ ಸಮಯ, ಮೇಲೆ ಇರುವ ಗುಡಿ, ಬರಹದ ಕಲ್ಲು ಇವನ್ನು ಅಜ್ಜ, ಅಜ್ಜಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ತನ್ನಿ. ಒಬ್ಬರೇ ಹತ್ತಬೇಡಿ, ದೊಡ್ಡವರ ಜೊತೆ ಹೋಗಿ. ಬರಹದ ಕಲ್ಲಿನ ಮೇಲೆ ಬಣ್ಣ, ಸುಣ್ಣ ಹಚ್ಚಬೇಡಿ, ಹೆಸರು ಕೆತ್ತಬೇಡಿ. ಬಂದ ಹಾಳೆಗಳನ್ನೆಲ್ಲ ಊರುವಾರು ಜೋಡಿಸಿ ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ.

– ಸಂಗ್ರಹ: 9ನೇ ತರಗತಿ