ಮಾಣಿಕಪ್ರಭು: ಜಹಗೀರಿಲ್ಲದ ದರ್ಬಾರು

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪರಿಸರದ ಚರಿತ್ರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ಕಾಲಘಟ್ಟಗಳಿಗೆ ಹೆಚ್ಚಿನ ಒತ್ತು ಕೊಡುತ್ತವೆ. ಒಂದು, ಶರಣರ 12ನೆಯ ಶತಮಾನ. ಇನ್ನೊಂದು, 1948ರ ಹೈದರಾಬಾದ್ ವಿಮೋಚನೆ. ಇವುಗಳ ನಡುವಿನ 19ನೆಯ ಶತಮಾನವು ನಿಜಾಮರ ಆಳ್ವಿಕೆಯ ಕಾಲವೆಂಬ ಒಂದೇ ಮಾತಿನಲ್ಲಿ ಮುಗಿದುಹೋಗುವುದುಂಟು. ಈ ಶತಮಾನದಲ್ಲಿ ಬಾಳಿದ ಮಾಣಿಕಪ್ರಭುಗಳನ್ನು ದತ್ತ ಪರಂಪರೆಯ ಅವಧೂತರೆಂದು, ಸಕಲಮತ ಸಂಪ್ರದಾಯದ ಪ್ರವರ್ತಕರೆಂದು ನಾಡು ಬಲ್ಲದು. ಅವರು ಬದುಕಿದ್ದ ಅವಧಿಯು ಈಸ್ಟ್ ಇಂಡಿಯಾ ಕಂಪನಿಯು ಹೈದರಾಬಾದಿನ ಮುಸ್ಲಿಂ ರಾಜ್ಯವನ್ನು ಯುದ್ಧವಿಲ್ಲದೆಯೇ, ಒಪ್ಪಂದ ಮತ್ತು ಸಾಲಗಳ ಮೂಲಕ ಅಧೀನಕ್ಕೆ ತಂದುಕೊಂಡ ಅವಧಿಯೂ ಹೌದು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದಾಗ ಪ್ರಭುಗಳ ಚರಿತ್ರೆಗೆ ಭಕ್ತಿಯ ಆಚೆಗೂ ಒಂದು ಅರ್ಥ ದೊರೆಯುತ್ತದೆ.

ಮಾಣಿಕಪ್ರಭುಗಳು ಜನಿಸಿದ್ದು 1817ರ ಡಿಸೆಂಬರ್ ತಿಂಗಳಲ್ಲಿ, ದತ್ತ ಜಯಂತಿಯ ದಿನ, ಕಲ್ಯಾಣದ ಸಮೀಪದ ಲಾಡವಂತಿ ಗ್ರಾಮದಲ್ಲಿ. ತಂದೆ ಮನೋಹರ ನಾಯಕರು, ತಾಯಿ ಬಯಾದೇವಿ. ಅದೇ ತಿಂಗಳಲ್ಲಿ ಮಹಿದಪುರದಲ್ಲಿ ಹೋಳ್ಕರರ ಸೇನೆ ಕಂಪನಿಯ ಸೇನೆಗೆ ಸೋತಿತು. ಅದಕ್ಕೂ ಮುಂಚೆ ನವೆಂಬರ್‌ನಲ್ಲಿ ಖಡಕಿಯ ಕದನದೊಂದಿಗೆ ಪುಣೆಯ ಪೇಶ್ವೆಯ ಅಧಿಕಾರ ಕುಸಿಯತೊಡಗಿತ್ತು. 1818ರ ಹೊತ್ತಿಗೆ ಕಲ್ಯಾಣ ಸೀಮೆಯ ಪಶ್ಚಿಮಕ್ಕಿದ್ದ ದೊಡ್ಡ ಮರಾಠಿ ರಾಜ್ಯ ಇಲ್ಲವಾಗಿ, ಕಂಪನಿಗೆ ಎದುರಾಳಿಯೆಂಬುದೇ ದಖ್ಖನ್ನಿನಲ್ಲಿ ಉಳಿಯಲಿಲ್ಲ.

ನಿಜಾಮರ ರಾಜ್ಯವು ಇದಕ್ಕೂ ಮೊದಲೇ ಬೇರೊಂದು ಬಗೆಯ ಬಂಧನಕ್ಕೆ ಒಳಗಾಗಿತ್ತು. 1798ರಲ್ಲಿ ಸಹಾಯಕ ಸೈನ್ಯ ಪದ್ಧತಿಯನ್ನು ಒಪ್ಪಿಕೊಂಡ ನಿಜಾಮರು, ಆ ಸೈನ್ಯದ ವೆಚ್ಚಕ್ಕಾಗಿ 1800ರಲ್ಲಿ ಬಳ್ಳಾರಿ, ಕಡಪ ಮುಂತಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರು. ಹೀಗೆ ರಕ್ಷಣೆಯ ಹೆಸರಿನಲ್ಲಿ ಬಂದ ಸೈನ್ಯವು ಕನ್ನಡ ನಾಡಿನ ಒಂದು ದೊಡ್ಡ ಭಾಗವನ್ನು ಬೇರ್ಪಡಿಸಿತು. ಮುಂದೆ ರೆಸಿಡೆಂಟನ ನಿಯಂತ್ರಣದಲ್ಲಿ ಬೆಳೆದ ಇನ್ನೊಂದು ಸೇನೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರಾಯಿತು. ಸಂಬಳ ಕೊಡುವವರು ನಿಜಾಮರು. ಅಪ್ಪಣೆ ಕೊಡುವವರು ಬ್ರಿಟಿಷ್ ಅಧಿಕಾರಿಗಳು. ಇದಕ್ಕೆ ಬೇಕಾದ ಹಣವನ್ನು ಹೈದರಾಬಾದಿನ ಪಾಮರ್ ಕಂಪನಿಯು ಹೆಚ್ಚಿನ ಬಡ್ಡಿಗೆ ಸಾಲವಾಗಿ ಒದಗಿಸುತ್ತಿತ್ತು. ಆ ಸಾಲವನ್ನು ತೀರಿಸಲು ನಿಜಾಮರು ಉತ್ತರ ಸರ್ಕಾರಗಳಿಂದ ಬರುತ್ತಿದ್ದ ವಾರ್ಷಿಕ ಪೇಷ್ಕಷ್ ಹಣವನ್ನೇ 1823ರಲ್ಲಿ ಬಿಟ್ಟುಕೊಡಬೇಕಾಯಿತು.

ಈ ಒತ್ತಡ ಕೊನೆಗೆ ಬಂದು ಮುಟ್ಟಿದ್ದು ರೈತರನ್ನು. ದಿವಾನ ಚಂದೂಲಾಲರ ಕಾಲದಲ್ಲಿ ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿದವರಿಗೆ ವಹಿಸುವ ಪದ್ಧತಿ ಬಲವಾಯಿತು. ಮುಂಗಡ ಹಣ ಕೊಟ್ಟ ಸಾಹುಕಾರರು, ಅವರ ಪರವಾಗಿ ನಿಂತ ಅರಬ್ ಮತ್ತು ರೋಹಿಲಾ ಸಿಪಾಯಿಗಳು ಹಳ್ಳಿಗಳಲ್ಲಿ ಸರ್ಕಾರಕ್ಕಿಂತ ಹೆಚ್ಚಿನ ಭಯವನ್ನು ಹುಟ್ಟಿಸಿದ್ದರು. ಚಂದೂಲಾಲರು 1843ರಲ್ಲಿ ಅಧಿಕಾರ ಬಿಟ್ಟಾಗ ರಾಜ್ಯದ ಬೊಕ್ಕಸ ಬರಿದಾಗಿತ್ತು. ಮಾಣಿಕಪ್ರಭುಗಳ ಬಾಲ್ಯ ಮತ್ತು ಯೌವನಗಳು ಕಳೆದದ್ದು ಇಂಥ ಕಾಲದಲ್ಲಿ.

ತಂದೆ ತೀರಿಕೊಂಡ ಮೇಲೆ ಬಾಲಕ ಮಾಣಿಕನು ಕಲ್ಯಾಣದಲ್ಲಿ ಸೋದರಮಾವ ಬಲವಂತರಾಯರ ಆಶ್ರಯದಲ್ಲಿ ಬೆಳೆದನು. ಮಾವನವರು ಕಲ್ಯಾಣದ ನವಾಬರ ಸೇವೆಯಲ್ಲಿದ್ದರು. ನಿಜಾಮರಿಗೆ ಅಧೀನರಾಗಿದ್ದ ಈ ನವಾಬರ ಕೋಟೆಯ ಸುತ್ತಲಿನ ಕಲ್ಯಾಣವು ಆ ವೇಳೆಗೆ ಹಲವು ನೆನಪುಗಳ ಊರಾಗಿತ್ತು. ಚಾಲುಕ್ಯರ ರಾಜಧಾನಿಯ ಅವಶೇಷಗಳು, ಬಸವಣ್ಣನವರ ಮತ್ತು ಶರಣರ ನೆಲೆಗಳು, ದತ್ತ ಪರಂಪರೆಯ ಸದಾನಂದ ಮಠ, ರಾಜಾ ಬಾಗಸವಾರರ ದರ್ಗಾ ಒಂದೇ ಪೇಟೆಯ ಆಸುಪಾಸಿನಲ್ಲಿದ್ದವು. ಮನೆಮಾತು ಮರಾಠಿ, ಬೀದಿಯ ಮಾತು ಕನ್ನಡ, ಪೇಟೆ ಮತ್ತು ಕಚೇರಿಗಳ ಮಾತು ದಖನಿ, ಪೂರ್ವಕ್ಕೆ ಸ್ವಲ್ಪ ಹೋದರೆ ತೆಲುಗು. ಹುಡುಗನ ಶಿಕ್ಷಣ ಈ ಬೀದಿಗಳಲ್ಲಿಯೇ ಆಯಿತು.

ಅಳಿಯನು ಓದಿ ಬರೆದು ಉದ್ಯೋಗಕ್ಕೆ ಸೇರಲೆಂಬುದು ಮಾವನ ಬಯಕೆ. ಮಾಣಿಕನು ಆ ದಾರಿಯನ್ನು ಒಪ್ಪದೆ ಮನೆಯನ್ನು ತೊರೆದನೆಂದೂ, ಮಂಠಾಳದ ಬಳಿಯ ಅಮೃತಕುಂಡದಲ್ಲಿ ಏಕಾಂತವಾಗಿ ನೆಲೆಸಿದನೆಂದೂ ಸಂಪ್ರದಾಯದ ಚರಿತ್ರೆಗಳು ತಿಳಿಸುತ್ತವೆ. ನವಾಬರ ಚಾಕರಿಯೆಂದರೆ ಆ ಕಾಲದ ಮಧ್ಯಮ ಸ್ಥಿತಿಯ ಮನೆತನಗಳಿಗೆ ಬಾಳಿನ ಭದ್ರತೆ. ಆದರೆ ಆ ಚಾಕರಿಯು ನವಾಬರಿಂದ ನಿಜಾಮರಿಗೆ, ನಿಜಾಮರಿಂದ ರೆಸಿಡೆಂಟನಿಗೆ ಸಾಗುವ ಅಧೀನತೆಯ ಸರಪಳಿಯ ಕೊನೆಯ ಕೊಂಡಿಯೂ ಆಗಿತ್ತು. ಹುಡುಗನು ಇದನ್ನೆಲ್ಲ ಎಣಿಸಿ ಮನೆ ಬಿಟ್ಟನೆಂದು ಹೇಳುವುದು ಅತಿಯಾಗುತ್ತದೆ. ಆದರೂ ಮುಂದೆ ಅವರು ಕಟ್ಟಿದ ಬದುಕಿನ ಸ್ವರೂಪ ಈ ನಿರ್ಗಮನದಲ್ಲಿಯೇ ಕಾಣತೊಡಗುತ್ತದೆ.

ಅನೇಕ ವರ್ಷಗಳ ಸಂಚಾರದ ನಂತರ 1845ರಲ್ಲಿ ಪ್ರಭುಗಳು ಹುಮನಾಬಾದಿನ ಹೊರಗೆ, ವಿರಜಾ ಮತ್ತು ಗುರುಗಂಗಾ ಹಳ್ಳಗಳ ಸಂಗಮದಲ್ಲಿ ನೆಲೆಸಿದರು. ಈ ನೆಲೆಯೇ ಮಾಣಿಕನಗರವಾಯಿತು. ತಾಯಿ, ಸೋದರರು, ಭಕ್ತರು ಅಲ್ಲಿಗೆ ಬಂದು ಸೇರಿದರು. ಅಲ್ಲಿ ನಡೆಯುತ್ತಿದ್ದ ಸಭೆಗೆ ದರ್ಬಾರೆಂದೂ, ಪ್ರಭುಗಳ ಆಸನಕ್ಕೆ ಗಾದಿಯೆಂದೂ ಹೆಸರು. ರಾಜ್ಯಾಧಿಕಾರದ ಪರಿಭಾಷೆಯನ್ನು ಸಂತನೊಬ್ಬನ ಅಂಗಳವು ತನ್ನದಾಗಿಸಿಕೊಂಡದ್ದು ಗಮನಾರ್ಹ. ಸಂಗೀತಗಾರರು, ಪಂಡಿತರು, ಫಕೀರರು, ಬಡವರು ಅಲ್ಲಿಗೆ ಬರುತ್ತಿದ್ದರು. ಪ್ರಭುಗಳು ಮರಾಠಿ, ಕನ್ನಡ, ಸಂಸ್ಕೃತ ಮತ್ತು ಹಿಂದೂಸ್ತಾನಿ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಗಾದಿಯ ಉಡುಗೆಯಾದ ಅಲ್ಫಿಯು ಫಕೀರರ ನಿಲುವಂಗಿಯ ಹೆಸರನ್ನೇ ಹೊತ್ತಿದೆ. ಅವರಲ್ಲಿ ವೈದಿಕರು ದತ್ತಾತ್ರೇಯನನ್ನು, ಲಿಂಗಾಯತರು ಬಸವಣ್ಣನನ್ನು, ಮುಸಲ್ಮಾನರು ಮೆಹಬೂಬ್ ಸುಭಾನಿಯನ್ನು ಕಂಡರೆಂಬುದು ಈ ಭಾಗದಲ್ಲಿ ಪ್ರಚಲಿತವಾಗಿರುವ ನಂಬಿಕೆ. ಎಲ್ಲ ಮತಗಳೂ ಒಂದೇ ತತ್ತ್ವದ ದಾರಿಗಳೆಂಬ ಅವರ ಬೋಧನೆಗೆ ಸಕಲಮತವೆಂಬ ಹೆಸರು ನಿಂತಿತು.

ಮೆಹಬೂಬ್ ಸುಭಾನಿ ಎಂದರೆ 12ನೆಯ ಶತಮಾನದ ಬಾಗ್ದಾದಿನ ಸಂತ ಅಬ್ದುಲ್ ಖಾದರ್ ಜೀಲಾನಿ. ಖಾದಿರಿ ಸೂಫಿ ಪಂಥಕ್ಕೆ ಅವರೇ ಮೂಲಪುರುಷರು. ಹುಮನಾಬಾದಿನ ಮುಸಲ್ಮಾನರು ಪ್ರಭುಗಳನ್ನು ಈ ಹೆಸರಿನಿಂದ ನೆನೆಯುತ್ತಿದ್ದ ಕಾಲದಲ್ಲಿಯೇ, ಉತ್ತರ ಆಫ್ರಿಕದಲ್ಲಿ ಇದೇ ಪಂಥದ ಒಬ್ಬ ನಾಯಕನು ಯುರೋಪಿನ ಸೇನೆಯನ್ನು ಎದುರಿಸುತ್ತಿದ್ದನು. 1830ರಲ್ಲಿ ಫ್ರೆಂಚರು ಅಲ್ಜೀರಿಯಕ್ಕೆ ನುಗ್ಗಿದ ಮೇಲೆ ಅಮೀರ್ ಅಬ್ದುಲ್ ಖಾದರ್ 1832ರಿಂದ 1847ರವರೆಗೆ ಹೋರಾಡಿ ಶರಣಾದನು. ಅಲ್ಜೀರಿಯದಲ್ಲಿಯೇ ಹುಟ್ಟಿದ ಮುಹಮ್ಮದ್ ಬಿನ್ ಅಲಿ ಅಸ್ಸನೂಸಿಯು 1843ರಲ್ಲಿ ಲಿಬಿಯದ ಪೂರ್ವಭಾಗದಲ್ಲಿ ತನ್ನ ಪಂಥದ ಆಶ್ರಮವನ್ನು ಕಟ್ಟಿದನು. ಇಂಥ ಆಶ್ರಮಗಳ ಬಳಗವು ಪ್ರಾರ್ಥನೆ, ಪಾಠ, ಬೇಸಾಯ, ಅತಿಥಿಸತ್ಕಾರಗಳ ಮೂಲಕ ಬುಡಕಟ್ಟುಗಳನ್ನು ಕೂಡಿಸಿತು. ಮುಂದೆ 1911ರಲ್ಲಿ ಇಟಲಿಯು ದಂಡೆತ್ತಿ ಬಂದಾಗ ಪ್ರತಿರೋಧಕ್ಕೆ ಒದಗಿದ್ದು ಈ ಬಳಗವೇ.

ಮಾಣಿಕನಗರಕ್ಕೂ ಈ ನೆಲೆಗಳಿಗೂ ನೇರ ಸಂಬಂಧವಿದೆಯೆಂದು ಇದರ ಅರ್ಥವಲ್ಲ. ಹೊರಗಿನ ಶಕ್ತಿಯ ಎದುರು ರಾಜಪ್ರಭುತ್ವವು ನಿಸ್ಸಹಾಯಕವಾದಾಗ ಜನರು ಗುರುವಿನ ಅಂಗಳದಲ್ಲಿ ಮತ್ತೊಂದು ನೆಲೆಯನ್ನು ಕಟ್ಟಿಕೊಳ್ಳುವುದು ಆ ಕಾಲದ ಹಲವು ಮುಸ್ಲಿಂ ನಾಡುಗಳಲ್ಲಿ ಕಾಣುವ ಪ್ರಕ್ರಿಯೆ. ಅಲ್ಜೀರಿಯ, ಲಿಬಿಯಗಳಲ್ಲಿ ಈ ನೆಲೆಯು ಇಸ್ಲಾಮಿನ ಒಳಗೇ ರೂಪುಗೊಂಡಿತು. ಹೈದರಾಬಾದಿನಲ್ಲಿಯೂ ನಿಜಾಮರ ಸೋದರ ಮುಬಾರಿಜುದ್ದೌಲಾ ವಹಾಬಿ ಚಳವಳಿಯ ಮೂಲಕ ಬ್ರಿಟಿಷರನ್ನು ವಿರೋಧಿಸಿ 1839ರಲ್ಲಿ ಬಂಧನಕ್ಕೊಳಗಾದನು. 1854ರಲ್ಲಿ ಗೋಲ್ಕೊಂಡದ ಸೆರೆಯಲ್ಲಿಯೇ ತೀರಿಕೊಂಡನು. ಹುಮನಾಬಾದಿನ ನೆಲೆಯ ವಿಶೇಷವೆಂದರೆ, ಅರಸನೊಂದು ಮತ, ಪ್ರಜೆಗಳಲ್ಲಿ ಬಹುಪಾಲು ಬೇರೊಂದು ಮತವಾಗಿದ್ದ ರಾಜ್ಯದಲ್ಲಿ ಅದು ಎಲ್ಲರಿಗೂ ಸೇರಿದ್ದಾಗಿ ಬೆಳೆದದ್ದು.

1853ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಒತ್ತಾಯಕ್ಕೆ ಮಣಿದು ನಿಜಾಮ ನಾಸಿರುದ್ದೌಲಾ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಕಂಟಿಂಜೆಂಟ್ ಸೇನೆಯ ಬಾಕಿ ಮತ್ತು ವೆಚ್ಚಕ್ಕಾಗಿ ಬೇರಾರ್, ರಾಯಚೂರು ದೋಆಬ್ ಹಾಗೂ ನಳದುರ್ಗದ ಸೀಮೆ ಕಂಪನಿಯ ಆಡಳಿತಕ್ಕೆ ಹೋದವು. ನಳದುರ್ಗವು ಕಲ್ಯಾಣಕ್ಕೆ ಪಶ್ಚಿಮದ ನೆರೆ. ಅಲ್ಲಿಗೆ ಆಡಳಿತಾಧಿಕಾರಿಯಾಗಿ ಬಂದವನು ಸುರಪುರದಲ್ಲಿ ಹೆಸರಾಗಿದ್ದ ಮೆಡೋಸ್ ಟೇಲರ್. ಕಂಪನಿಯ ಆಳ್ವಿಕೆ ಹೀಗೆ ಕಲ್ಯಾಣ ಸೀಮೆಯ ಹೊಸ್ತಿಲಿಗೇ ಬಂದು ನಿಂತಿತು.

ಭೂಮಿಯೇ ಸಾಲಕ್ಕೆ ಒತ್ತೆಯಾಗುತ್ತಿದ್ದ ಈ ಹಿನ್ನೆಲೆಯಲ್ಲಿ ಸಂಪ್ರದಾಯವು ಮತ್ತೆ ಮತ್ತೆ ನೆನೆಯುವ ಒಂದು ಸಂಗತಿಗೆ ತೂಕ ಬರುತ್ತದೆ. ನಿಜಾಮರ ಕಡೆಯಿಂದ ಬಂದ ಜಹಗೀರನ್ನು ಪ್ರಭುಗಳು ಸ್ವೀಕರಿಸಲಿಲ್ಲ ಎಂಬುದೇ ಆ ಸಂಗತಿ. ಬಂದ ಕಾಣಿಕೆಯನ್ನು ಕೂಡಿಡದೆ ಅನ್ನಕ್ಕೆ, ದಾನಕ್ಕೆ, ಉತ್ಸವಕ್ಕೆ ವ್ಯಯಿಸುವುದು ಅವರ ದರ್ಬಾರಿನ ಕ್ರಮವಾಗಿತ್ತೆಂದೂ ಅದೇ ಚರಿತ್ರೆಗಳು ಹೇಳುತ್ತವೆ. ಜಹಗೀರೆಂದರೆ ಕಂದಾಯ ಎತ್ತುವ ಹಕ್ಕು. ಅದನ್ನು ಪಡೆದ ಮಠವು ರೈತನ ಎದುರು ಸರ್ಕಾರದ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಕೊಟ್ಟವನು ಕಿತ್ತುಕೊಳ್ಳಲೂಬಲ್ಲ. ಕಾಣಿಕೆಯನ್ನು ಮಾತ್ರ ನೆಚ್ಚಿದ ದರ್ಬಾರು ಈ ಎರಡು ಇಕ್ಕಟ್ಟುಗಳಿಂದಲೂ ಹೊರಗುಳಿಯಿತು. ನಿಜಾಮರ ದರ್ಬಾರು ಸಾಲದಿಂದ ನಡೆಯುತ್ತಿದ್ದಾಗ ಮಾಣಿಕನಗರದ ದರ್ಬಾರು ದಾನದಿಂದ ನಡೆಯುತ್ತಿತ್ತು.

1857ರ ಮೇ ತಿಂಗಳಲ್ಲಿ ನಾಸಿರುದ್ದೌಲಾ ತೀರಿಕೊಂಡು ಅಫ್ಜಲುದ್ದೌಲಾ ಪಟ್ಟಕ್ಕೆ ಬಂದರು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನರ ನೇತೃತ್ವದಲ್ಲಿ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. ದಿವಾನ ಸಾಲಾರ್‌ಜಂಗರು ಬ್ರಿಟಿಷರ ಪರವಾಗಿ ನಿಂತರು. 1858ರ ಆರಂಭದಲ್ಲಿ ಸುರಪುರದ ವೆಂಕಟಪ್ಪ ನಾಯಕನು ಬಂಡೆದ್ದು ಸೋತನು. ಆ ಬಳಿಕ ನಾನಾಸಾಹೇಬನ ಸಂದೇಶದೊಂದಿಗೆ ದಖ್ಖನ್ನಿನಲ್ಲಿ ಬಂಡಾಯವನ್ನು ಸಂಘಟಿಸಲು ಯತ್ನಿಸಿದ ಪಟವಾರಿ ರಂಗರಾವ್, ಕೌಲಾಸದ ರಾಜಾ ದೀಪಸಿಂಗ್ ಹಾಗೂ ಸಫ್ದರುದ್ದೌಲಾ 1859ರಲ್ಲಿ ಶಿಕ್ಷೆಗೆ ಗುರಿಯಾದರು. ರಂಗರಾಯನು ಅಂಡಮಾನಿನಲ್ಲಿ ಕೊನೆಯುಸಿರೆಳೆದನು. ಒಬ್ಬ ಪಟವಾರಿ, ಒಬ್ಬ ಹಿಂದೂ ಸಂಸ್ಥಾನಿಕ, ಒಬ್ಬ ಮುಸಲ್ಮಾನ ಸರದಾರ ಒಂದೇ ಸಂಚಿನಲ್ಲಿ ಕೂಡಿದ್ದು ಆ ಸೀಮೆಯ ಸಮಾಜದ ಸ್ವರೂಪವನ್ನು ತಿಳಿಸುತ್ತದೆ.

ಈ ದಂಗೆಯ ನಾಯಕರು ಮಾಣಿಕನಗರಕ್ಕೆ ಬಂದು ಪ್ರಭುಗಳ ಆಶೀರ್ವಾದ ಮತ್ತು ನೆರವನ್ನು ಪಡೆದರೆಂಬ ಕಥನಗಳು ಸಂಪ್ರದಾಯದಲ್ಲಿವೆ. ಅವುಗಳಲ್ಲಿ ನಾನಾಸಾಹೇಬ, ತಾತ್ಯಾ ಟೋಪೆಯವರ ಹೆಸರುಗಳೂ ಬರುತ್ತವೆ. ಇವನ್ನು ದಾಖಲೆಗಳಂತೆ ಓದದೆ ಜನರ ನೆನಪಿನಂತೆ ಓದುವುದು ಸರಿಯಾದ ಕ್ರಮ. ಸೋತ ಹೋರಾಟವನ್ನು ಜನರು ತಾವು ನಂಬಿದ ಗುರುವಿನ ಅಂಗಳದಲ್ಲಿ ಕಾಪಿಟ್ಟುಕೊಂಡರು. ನಿಜಾಮರ ರಾಜ್ಯದಲ್ಲಿ ಬಂಡಾಯಗಾರನಿಗೆ ಅರಮನೆಯ ಬಾಗಿಲು ಮುಚ್ಚಿತ್ತು; ಪ್ರಭುಗಳ ಬಾಗಿಲು ಮುಚ್ಚಿರಲಾರದೆಂಬ ಭರವಸೆ ಈ ಕಥನಗಳ ಜೀವಾಳ. ಪ್ರಭುಗಳನ್ನು ಗುಪ್ತ ಬಂಡಾಯಗಾರರೆಂದು ಸಾಧಿಸಿದರೆ ಮಾತ್ರ ಅವರ ರಾಜಕೀಯ ಮಹತ್ವ ತಿಳಿಯುತ್ತದೆಂಬ ಆತುರ ಬೇಕಿಲ್ಲ. ಕತ್ತಿ ಹಿಡಿದವರ ಚರಿತ್ರೆಯ ಜೊತೆಗೆ, ಹಂಗಿಗೆ ಒಳಗಾಗದೆ ಬಾಳಿದವರ ಚರಿತ್ರೆಯೂ ಪ್ರತಿಕ್ರಿಯೆಯ ಚರಿತ್ರೆಯೇ.

ಈ ಬಗೆಯ ಬಾಳಿಗೆ ಮಿತಿಗಳೂ ಇದ್ದವು. ಮಾಣಿಕನಗರವು ಹಸಿದವನಿಗೆ ಅನ್ನ ಕೊಟ್ಟಿತು. ಕಂದಾಯದ ಗುತ್ತಿಗೆಯನ್ನು ತಡೆಯುವುದು ಅದರ ಶಕ್ತಿಗೆ ಮೀರಿದ್ದು. ಕಂಪನಿಯ ಸೇನೆ ಹಿಂದೆ ಸರಿಯಲಿಲ್ಲ. 1860ರ ಒಪ್ಪಂದದಲ್ಲಿ ನಿಜಾಮರ ನಿಷ್ಠೆಗೆ ಪ್ರತಿಫಲವಾಗಿ 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ಮತ್ತು ನಳದುರ್ಗದ ಸೀಮೆಗಳು ಮರಳಿ ಬಂದವು. ಸುರಪುರವೂ ನಿಜಾಮರಿಗೆ ಸೇರಿತು. ಬೇರಾರ್ ಮಾತ್ರ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಒಂದು ಬಂಡಾಯದ ಸೋಲು ಮತ್ತೊಂದು ದರ್ಬಾರಿಗೆ ಲಾಭವಾಯಿತು.

ಪ್ರಭುಗಳು 1865ರ ಮಾರ್ಗಶಿರ ಶುದ್ಧ ಏಕಾದಶಿಯಂದು ಮಾಣಿಕನಗರದಲ್ಲಿ ಸಮಾಧಿಸ್ಥರಾದರು. ಆಗ ಅವರಿಗೆ ಸುಮಾರು 48 ವರ್ಷ. ಸೋದರ ನರಸಿಂಹರ ಮಗನಾದ ಬಾಲಕ ಮನೋಹರಪ್ರಭುವಿಗೆ ಗಾದಿಯು ಸಂದಿತು; ಅವರ ನಂತರ ಪೀಠಕ್ಕೆ ಬಂದ ಮಾರ್ತಾಂಡ ಮಾಣಿಕಪ್ರಭುಗಳು 1936ರವರೆಗೆ ಸಂಪ್ರದಾಯವನ್ನು ನಡೆಸಿದರು. ಪ್ರಭುಗಳು ತೀರಿಕೊಂಡ ವರ್ಷವೇ ಸಾಲಾರ್‌ಜಂಗರ ಜಿಲ್ಲಾಬಂದಿ ಸುಧಾರಣೆ ಜಾರಿಗೆ ಬಂದು, ಸಂಬಳದ ಅಧಿಕಾರಿಗಳ ಆಡಳಿತ ಕಂದಾಯದ ಗುತ್ತಿಗೆದಾರರ ಸ್ಥಾನವನ್ನು ಆಕ್ರಮಿಸತೊಡಗಿತು. ಆದರೂ ಅಸಮಾಧಾನ ಅಡಗಲಿಲ್ಲ. 1867ರಲ್ಲಿ ಸಾತಾರಾ ಮನೆತನದವನೆಂದು ಹೇಳಿಕೊಂಡ ರಾಮರಾವ್ ಎಂಬುವನು ಬೀದರ್ ಸೀಮೆಯಲ್ಲಿ ಬಂಡಾಯದ ಯತ್ನ ನಡೆಸಿದನು.

ಆ ಕಾಲದ ಅರಮನೆಗಳು, ಪೈಗಾಗಳು, ಜಹಗೀರುಗಳು ಭಾರತದ ಸ್ವಾತಂತ್ರ್ಯದ ನಂತರ ರದ್ದಾದವು. ಹಕ್ಕುಪತ್ರವನ್ನು ಆಧರಿಸಿದ್ದ ಅಧಿಕಾರವು ಪತ್ರದೊಂದಿಗೇ ಹೋಯಿತು. ಮಾಣಿಕನಗರದಲ್ಲಿ ದತ್ತ ಜಯಂತಿಯ ದರ್ಬಾರು ಇಂದಿಗೂ ನಡೆಯುತ್ತದೆ. ಕನ್ನಡ, ಮರಾಠಿ, ತೆಲುಗು ಸೀಮೆಗಳಿಂದ ಜನ ಬರುತ್ತಾರೆ. ವಸಾಹತುಶಾಹಿಯ ಎದುರು ಈ ಸೀಮೆಯು ತಾಳಿದ ನಿಲುವುಗಳನ್ನು ವಿವೇಚಿಸುವಾಗ ಸುರಪುರದ ಕೋಟೆಯನ್ನೂ ರಂಗರಾಯನ ಅಂಡಮಾನನ್ನೂ ನೆನೆಯುವಂತೆ, ಜಹಗೀರಿಲ್ಲದ ಈ ದರ್ಬಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.