ನಾಲ್ಕು ಅಂಗುಲದ ವಿವೇಕ

ದಶಕಗಳ ಕಾಲ ನಮ್ಮ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ನಿಂತಿರುತ್ತಿದ್ದ ಅಂಬಾಸಿಡರ್ ಕಾರು ಬ್ರಿಟನ್ನಿನ ಮಾರಿಸ್ ವಂಶದ ಕುಡಿ. ಆ ವಂಶದ ಕಾರುಗಳಿಗೆ ರಸ್ತೆಯ ಮೇಲೆ ಹದವಾಗಿ ನಡೆಯುವುದನ್ನು ಕಲಿಸಿದವರಲ್ಲಿ ಅಲೆಕ್ ಇಸಿಗೋನಿಸ್ ಪ್ರಮುಖರು. ಮಿನಿ ಕಾರಿನ ಜನಕರೆಂದೇ ಜಗತ್ತು ಅವರನ್ನು ಸ್ಮರಿಸುತ್ತದೆ. ಆದರೆ ಅವರ ಬದುಕಿನ ದೊಡ್ಡ ಪಾಠವಿರುವುದು ಅದಕ್ಕೂ ಹಿಂದಿನ ಮಾರಿಸ್ ಮೈನರ್ ಕಾರಿನಲ್ಲಿ.

ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ, ಇಂದು ಇಜ್ಮಿರ್ ಎನಿಸಿಕೊಂಡಿರುವ ಸ್ಮಿರ್ನಾ ಬಂದರಿನಲ್ಲಿ. 1922ರ ಗ್ರೀಕ್-ತುರ್ಕಿ ಕದನ ಅವರ ಕುಟುಂಬವನ್ನು ನಿರಾಶ್ರಿತವಾಗಿಸಿತು. ಮಾಲ್ಟಾದಲ್ಲಿ ತಂದೆ ತೀರಿಕೊಂಡರು. ತಾಯಿ-ಮಗ ಇಂಗ್ಲೆಂಡ್ ಸೇರಿದರು. ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಕಲಿತ ಅವರು ಗಣಿತದ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣರಾದರು. ಸೂತ್ರಗಳಿಗಿಂತ ಕೈಯಿಂದ ಬಿಡಿಸಿದ ಚಿತ್ರವನ್ನೂ ಮಾಡಿ ನೋಡುವ ಪ್ರಯೋಗವನ್ನೂ ಅವರು ಹೆಚ್ಚು ನಂಬಿದ್ದರು.

ಬಿಡುವಿನ ವೇಳೆಯಲ್ಲಿ ಗೆಳೆಯ ಜಾರ್ಜ್ ಡೌಸನ್ ಜೊತೆಗೂಡಿ ವರ್ಷಗಟ್ಟಲೆ ಕೈಯಾರೆ ಕಟ್ಟಿದ ಪುಟ್ಟ ರೇಸ್ ಕಾರೇ ಅವರ ಪ್ರಯೋಗಶಾಲೆ. ಅದಕ್ಕೆ ಹಗುರವಾದರೂ ಬಾಗದ ಒಡಲು, ಒಂದು ಗಾಲಿಯ ಕುಲುಕು ಇನ್ನೊಂದಕ್ಕೆ ತಾಗದ ಸ್ವತಂತ್ರ ಸಸ್ಪೆನ್ಷನ್, ಉಕ್ಕಿನ ಬದಲು ರಬ್ಬರಿನ ಸ್ಪ್ರಿಂಗು. 1936ರಲ್ಲಿ ಮಾರಿಸ್ ಕಂಪನಿ ಸೇರಿದಾಗಲೂ ಅವರ ಕೆಲಸ ಸಸ್ಪೆನ್ಷನ್ ಕುರಿತದ್ದೇ.

ಯುದ್ಧದ ವರ್ಷಗಳಲ್ಲಿ ಮೈನರ್ ರೂಪುಗೊಂಡಿತು. ಮುಂಗಾಲಿಗಳಿಗೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಹೊರೆ ತಾಳುವ ಉಕ್ಕಿನ ಸರಳು. ನೇರ ನಡಿಗೆಗಾಗಿ ಆದಷ್ಟು ಮುಂದಕ್ಕೆ ಕೂರಿಸಿದ ಎಂಜಿನ್. ಉತ್ಪಾದನೆಯ ಸಿದ್ಧತೆ ಬಹುಪಾಲು ಮುಗಿದಿದ್ದಾಗ, 1947ರಲ್ಲಿ, ಕಾರು ಇಕ್ಕಟ್ಟಾಯಿತೆಂದು ಅವರಿಗೆ ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಹೋಳುಗಳನ್ನು ದೂರ ಸರಿಸುತ್ತಾ ನೋಡಿದರು. ನಾಲ್ಕು ಅಂಗುಲಕ್ಕೆ ಕಣ್ಣು ಒಪ್ಪಿತು. ಗಾಲಿಗಳ ಅಂತರ ಹಿಗ್ಗಿದ್ದರಿಂದ ತಿರುವಿನಲ್ಲಿ ವಾಲುವಿಕೆ ತಗ್ಗಿ ರಸ್ತೆಯ ಹಿಡಿತವೂ ಹೆಚ್ಚಿತು. ಆಗಲೇ ತಯಾರಾಗಿದ್ದ ಬಂಪರುಗಳನ್ನು ನಡುವೆ ಕತ್ತರಿಸಿ ತುಂಡು ಸೇರಿಸಬೇಕಾಯಿತು! 1948ರಲ್ಲಿ ಬಿಡುಗಡೆಯಾದ ಮೈನರ್, ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು.

1959ರ ಮಿನಿಯಲ್ಲಿ ರಬ್ಬರ್ ಮರಳಿ ಬಂದಿತು, ಈ ಬಾರಿ ಅಲೆಕ್ಸ್ ಮೌಲ್ಟನ್ ರೂಪಿಸಿದ ಶಂಕುವಿನಾಕಾರದಲ್ಲಿ. ಹತ್ತು ಅಂಗುಲದ ಗಾಲಿಗಳ ಆ ಪುಟಾಣಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದಿತು. ಆದರೆ ಮೊದಲ ಮಿನಿಗಳ ನೆಲದ ಬೆಸುಗೆಯಲ್ಲಿ ಮಳೆನೀರು ಒಳನುಗ್ಗುತ್ತಿದ್ದುದು ತಿಳಿದದ್ದು ಮಾರಾಟ ಶುರುವಾದ ಮೇಲೆ. ಪರೀಕ್ಷಿಸಿದ್ದು ಗೆದ್ದಿತು, ಪರೀಕ್ಷೆ ಸಾಲದೆ ಹೋದದ್ದು ಸೋರಿತು. 1969ರಲ್ಲಿ ಸರ್ ಪದವಿ ಪಡೆದ ಇಸಿಗೋನಿಸ್ 1988ರಲ್ಲಿ ನಿಧನರಾದರು.

ಈಗಾಗಲೇ ವ್ಯಯವಾದ ಹಣ ಮುಂದಿನ ನಿರ್ಧಾರವನ್ನು ಆಳಬಾರದೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅದನ್ನು ಪಾಲಿಸುವುದು ಎಷ್ಟು ಕಠಿಣವೆಂಬುದನ್ನು ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವರು ಬಲ್ಲರು. ಮಂಜೂರಾದ ಯೋಜನೆಯ ಲೋಪ ಕಣ್ಣಿಗೆ ಕಂಡರೂ, ಇಷ್ಟು ದೂರ ಬಂದಾಯಿತಲ್ಲ ಎಂದು ರುಜು ಹಾಕುವುದೇ ನಮ್ಮ ರೂಢಿ. ಅದರ ಕುಲುಕಾಟವನ್ನು ಅನುಭವಿಸುವವರು ಜನ. ಗರಗಸ ಹಿಡಿಯಲು ತಡವಾಯಿತೆಂದು ಇಸಿಗೋನಿಸ್ ಭಾವಿಸಲಿಲ್ಲ, ನಾವೂ ಭಾವಿಸಬೇಕಿಲ್ಲ.